ನಮ್ಮೂರ ನೆಲ ಗಟ್ಟಿಯಾಗುವುದಿಲ್ಲ

ಆರ್ವಿಡ್ ನೀಮಿ ಸುಳ್ಳುಗಾರನಲ್ಲ. ಇದನ್ನು ಮೊದಲೇ ಹೇಳಿಬಿಡಬೇಕು, ಏಕೆಂದರೆ ಹ್ಯಾಮರ್ ಬೇ ಊರಿನಲ್ಲಿ ಈಗ ಯಾರನ್ನು ಕೇಳಿದರೂ ಬೇರೆಯೇ ಹೇಳುತ್ತಾರೆ. ಇಪ್ಪತ್ತೆರಡು ವರ್ಷ ಊರಿನ ಸ್ಮಶಾನದಲ್ಲಿ ಗುಂಡಿ ತೋಡಿದ ಮನುಷ್ಯ ಅವನು. ಒಂದು ಅಂಗುಲ ಕಡಿಮೆ ತೋಡಿ ಪೂರ್ತಿ ತೋಡಿದೆ ಎಂದವನಲ್ಲ. ಅವನ ದೋಷ ಒಂದೇ. ಯಾರಾದರೂ ‘ಏನು ಕೆಲಸ ಮಾಡ್ತೀರಿ?’ ಎಂದು ಕೇಳಿದರೆ ‘ಗುಂಡಿ ತೋಡ್ತೀನಿ’ ಎನ್ನಲು ನಾಲಿಗೆ ಹೊರಳುತ್ತಿರಲಿಲ್ಲ. ಹಾಗೆ ಹೇಳಿದ ಕೂಡಲೇ ಎದುರಿನವರು ಒಂದು ಹೆಜ್ಜೆ ಹಿಂದೆ ಸರಿಯುತ್ತಾರೆ. ಅದು ಅವನಿಗೆ ಬೇಸರ.

ಜನವರಿಯ ಒಂದು ಭಾನುವಾರ ಬೆಳಿಗ್ಗೆ ರೇಡಿಯೊದಲ್ಲಿ ಅಮೆರಿಕನ್ ಫುಟ್‌ಬಾಲ್ ಹರಟೆ ನಡೆಯುತ್ತಿತ್ತು. ನಮ್ಮ ಐಸ್‌ಬ್ರೇಕರ್ಸ್ ತಂಡ ಹಿಂದಿನ ದಿನ ಸೋತಿತ್ತು. ಅದು ಸುದ್ದಿಯಲ್ಲ, ಅಭ್ಯಾಸ. ಸುದ್ದಿ ಏನೆಂದರೆ, ಲೀಗಿನ ಅಂತಿಮ ಪಂದ್ಯ ಯಾವ ಊರಿನಲ್ಲಿ ನಡೆಯಬೇಕೆಂದು ಲೀಗಿನವರು ಊರು ಹುಡುಕುತ್ತಿದ್ದರು. ಪ್ರತಿ ವರ್ಷವೂ ಹುಡುಕುತ್ತಾರೆ, ಪ್ರತಿ ವರ್ಷವೂ ತಾಳೆಮರವಿರುವ ಊರೇ ಸಿಗುತ್ತದೆ. ನಮ್ಮಂಥ ಚಳಿಯೂರುಗಳು ವರ್ಷವಿಡೀ ಮೂಗು ಸೋರಿಸಿಕೊಂಡು ಆಡಿ, ಕೊನೆಯ ಪಂದ್ಯವನ್ನು ಟಿ.ವಿ.ಯಲ್ಲಿ ನೋಡಬೇಕು.

“ನಮ್ಮ ನೆಲ ಕಬ್ಬಿಣ ಸ್ವಾಮಿ,” ಎಂದು ರೇಡಿಯೊದವನು ಗೋಳಾಡುತ್ತಿದ್ದ. “ಆಟಗಾರ ಬಿದ್ರೆ ಮೂಳೆ ಆರಿಸ್ಕೋಬೇಕು. ಹಿಂಗಿದ್ರೆ ಯಾರು ಕೊಡ್ತಾರೆ ನಮಗೆ ಪಂದ್ಯ?”

ಆರ್ವಿಡ್‌ಗೆ ರೇಗಿತು. ಫೋನು ಎತ್ತಿ ತಿರುಗಿಸಿಯೇಬಿಟ್ಟ.

“ಯಾರ್ರೀ ಹೇಳಿದ್ದು ಗಟ್ಟಿ ಅಂತ? ಇಪ್ಪತ್ತೆರಡು ವರ್ಷದಿಂದ ಅಗೀತಿದೀನಿ. ನಮ್ಮೂರ ನೆಲ ಗಟ್ಟಿಯಾಗೋದೇ ಇಲ್ಲ. ಜನವರೀಲಿ ಬನ್ನಿ, ಫೆಬ್ರವರೀಲಿ ಬನ್ನಿ, ಬೆಣ್ಣೆ! ಅದನ್ನ ಹೆಂಗೆ ನೋಡ್ಕೋಬೇಕು ಅಂತ ಗೊತ್ತಿರೋರು ಬೇಕು ಅಷ್ಟೆ.”

“ತಾವು ಯಾರು ಅಂತ ಕೇಳಬಹುದಾ?”

ಇಲ್ಲಿ ಆರ್ವಿಡ್ ಒಂದು ಉಸಿರು ತಡೆದ. ಆ ಒಂದು ಉಸಿರಿನಲ್ಲಿ ಆಗಬಾರದ್ದು ಆಗಿಹೋಯಿತು.

“ನಾನು ನಗರಸಭೆಯ ನೆಲ ವಿಭಾಗದ ಮುಖ್ಯಸ್ಥ,” ಎಂದ.

ಅದು ಪೂರ್ತಿ ಸುಳ್ಳೂ ಅಲ್ಲ. ಆ ವಿಭಾಗದಲ್ಲಿ ಇದ್ದವನು ಅವನೊಬ್ಬನೇ, ಜೊತೆಗೊಂದು ಹಂಡೆ. ಉಕ್ಕಿನ ಪೀಪಾಯಿಯನ್ನು ಉದ್ದಕ್ಕೆ ಸೀಳಿ ಕವುಚಿ ಹಾಕಿ, ಒಳಗೆ ಗ್ಯಾಸಿನ ಉರಿ ಹಚ್ಚುವ ಸಾಧನ ಅದು. ಮೂರು ದಿನ ಉರಿಸಿದರೆ ನಾಲ್ಕಡಿ ಹೆಪ್ಪು ಕರಗಿ ಒಂದು ಗುಂಡಿಗಾಗುವಷ್ಟು ನೆಲ ಮೆತ್ತಗಾಗುತ್ತಿತ್ತು. ಬೆಣ್ಣೆಯ ಗುಟ್ಟು ಇಷ್ಟೇ. ರೇಡಿಯೊದಲ್ಲಿ ಹಂಡೆಯ ಮಾತನ್ನು ಮಾತ್ರ ಅವನು ಎತ್ತಲಿಲ್ಲ.

ಅಡುಗೆಮನೆಯ ಒಲೆಯ ಪಕ್ಕ ಕಾಲು ಮೇಲೆತ್ತಿ ಕೂತಿದ್ದ ಹೆಂಡತಿ ಲೆಂಪಿ ಎಲ್ಲವನ್ನೂ ಕೇಳಿಸಿಕೊಂಡಳು. ಹೃದಯ ಸೋತು ಎರಡು ವರ್ಷವಾಗಿತ್ತು. ಕಾಲು ಊದಿಕೊಳ್ಳುತ್ತಿತ್ತು, ನಾಲಿಗೆಗೆ ಏನೂ ಆಗಿರಲಿಲ್ಲ.

“ಯಾವ ವಿಭಾಗ ಅಂದೆ?”

“ಸುಮ್ನೆ ಒಂದು ಮಾತಿಗೆ ಅಂದೆ ಕಣೇ.”

“ವಾಪಸ್ ಫೋನ್ ಮಾಡು. ‘ನಾನು ಗುಂಡಿ ತೋಡೋನು, ಜಂಭಕ್ಕೆ ಬೊಗಳಿದೆ’ ಅಂತ ಹೇಳು. ಈ ಊರಲ್ಲಿ ಏನು ಹೇಳಿದ್ರೂ ನಂಬ್ತಾರೆ ಆರ್ವಿಡ್, ಅದೇ ನನಗೆ ಭಯ.”

ಆರ್ವಿಡ್ ಫೋನಿನ ಕಡೆ ಎರಡು ಸಲ ಹೋಗಿ ಎರಡು ಸಲವೂ ಕಾಫಿ ಬಗ್ಗಿಸಿಕೊಂಡು ಬಂದ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.

ಕೋಣ ಈದಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ ಎಲ್ಲ ದೇಶದಲ್ಲೂ ಇದ್ದಾರೆ. ನಮ್ಮೂರಲ್ಲಿ ಅವರು ಪತ್ರಿಕೆ ನಡೆಸುತ್ತಾರೆ. ಸೋಮವಾರ ಮುಖಪುಟದಲ್ಲಿ ‘ಹ್ಯಾಮರ್ ಬೇ ನೆಲ ಹೆಪ್ಪುಗಟ್ಟುವುದಿಲ್ಲ: ನಗರಸಭೆಯ ಭೂಪರಿಣತರ ಘೋಷಣೆ’ ಎಂದು ಬಂತು. ಮಂಗಳವಾರ ದೊಡ್ಡ ಪಟ್ಟಣದ ಪತ್ರಿಕೆಯೊಂದು ಅದನ್ನೇ ಎತ್ತಿ ಹಾಕಿತು. ಬುಧವಾರ ಲೀಗಿನ ಕಚೇರಿಯಿಂದ ಮೇಯರ್ ಟ್ರೆವಾರೊಗೆ ಫೋನು ಬಂತು: ಕುತೂಹಲಕರವಾಗಿದೆ, ಫೆಬ್ರವರಿಯ ಎರಡನೇ ಗುರುವಾರ ನಮ್ಮ ಆಯ್ಕೆ ಸಮಿತಿ ನೋಡಲು ಬರುತ್ತದೆ.

ಮೇಯರ್ ಟ್ರೆವಾರೊ ಸ್ಮಶಾನಕ್ಕೇ ಓಡಿ ಬಂದರು. ಗಣಿ ಮುಚ್ಚಿದ ಮೇಲೆ ನಮ್ಮೂರಿಗೆ ಒಳ್ಳೆಯ ಸುದ್ದಿ ಎಂಬುದೊಂದು ಬಂದಿರಲಿಲ್ಲ, ಪಾಪ. ಆರ್ವಿಡ್‌ನನ್ನು ಹಂಡೆಯ ಮುಂದೆಯೇ ತಬ್ಬಿಕೊಂಡರು.

“ನೀಮಿ, ಊರು ಉಳಿಸಿದೆ ಕಣಯ್ಯಾ! ಇಷ್ಟು ದಿನ ಎಲ್ಲಿ ಬಚ್ಚಿಟ್ಕೊಂಡಿದ್ದೆ ಈ ವಿದ್ಯೇನ?”

“ಸಾಹೇಬ್ರೇ, ವಿದ್ಯೆ ಏನಿಲ್ಲ, ಈ ಹಂಡೆ...”

“ಇದೇನಾ ಅದು?” ಮೇಯರ್ ಹಂಡೆಯ ಸುತ್ತ ಭಕ್ತಿಯಿಂದ ಒಂದು ಸುತ್ತು ಹಾಕಿದರು. “ಇಂಥದ್ದು ಹನ್ನೆರಡು ಮಾಡ್ಸಿದ್ರೆ ಇಡೀ ಕ್ರೀಡಾಂಗಣ ಮೆತ್ತಗಾಗುತ್ತಾ?”

ಆಗುವುದಿಲ್ಲ ಎಂದು ಹೇಳಬಹುದಿತ್ತು. ಆದರೆ ಇಪ್ಪತ್ತೆರಡು ವರ್ಷದಲ್ಲಿ ಆರ್ವಿಡ್‌ನನ್ನು ಅಪ್ಪಿಕೊಂಡ ಮೊದಲನೆಯ ಅಧಿಕಾರಿ ಅವರು.

“ಆಗ್ದೇ ಏನು,” ಎಂದ.

ಸಂಜೆಯೊಳಗೆ ಹಂಡೆ ಲಾರಿ ಹತ್ತಿ ಕ್ರೀಡಾಂಗಣಕ್ಕೆ ಹೋಯಿತು. ಲೋಹದಂಗಡಿಯಲ್ಲಿ ಅದರ ಅಳತೆ ತೆಗೆದು ಮರಿಹಂಡೆಗಳನ್ನು ಬಡಿದರು. ಊರಿನ ಗ್ಯಾಸೆಲ್ಲ ಅಲ್ಲಿಗೇ ಹೋಯಿತು.

ಮುಂದಿನ ಮೂರು ವಾರ ಹ್ಯಾಮರ್ ಬೇ ತಾನು ಬೆಚ್ಚಗಿನ ಊರು ಎಂದು ಸಾಧಿಸಲು ಪಟ್ಟ ಪಾಡು ಹೇಳತೀರದು. ಸಮಿತಿ ಬರುವ ದಿನ ಮುಖ್ಯಬೀದಿಯಲ್ಲಿ ಯಾರೂ ಟೋಪಿ, ಮಫ್ಲರ್ ಹಾಕಕೂಡದೆಂದು ಆಜ್ಞೆಯಾಯಿತು. ಬ್ಯಾಂಕಿನ ಮೇಲಿನ ಉಷ್ಣಮಾಪಕಕ್ಕೆ ನಲವತ್ತೊಂದು ಫ್ಯಾರನ್‌ಹೀಟ್ ಎಂದು ಬರೆದ ರಟ್ಟು ಅಂಟಿಸಿದರು. ಕೆಳಗೆ ನಿಜವಾದ ಮುಳ್ಳು ಸೊನ್ನೆಗಿಂತ ಹದಿನೆಂಟು ಕೆಳಗೆ ನಡುಗುತ್ತಿತ್ತು. ಕ್ರೀಡಾಂಗಣದ ದೊಡ್ಡ ಫಲಕದಲ್ಲಿದ್ದ ತಂಡದ ಹೆಸರಿನಲ್ಲಿ ‘ಐಸ್’ ಎಂಬುದರ ಮೇಲೆ ತಾಡಪಾಲು ಕಟ್ಟಿದರು. ಕೆರೆಯ ಹೆಪ್ಪಿನ ಮೇಲೆ ಮೀನು ಹಿಡಿಯಲು ಹಾಕಿದ್ದ ಗುಡಿಸಲುಗಳನ್ನು ದೋಣಿಗಳು ಎಂದು ಹೇಳಬೇಕೆಂದು ತೀರ್ಮಾನವಾಯಿತು. ಆರ್ವಿಡ್‌ನ ಪಕ್ಕದ ಮನೆಯ ಸ್ಟಾಶ್‌ಗೆ ಬಂದದ್ದು ಎಲ್ಲಕ್ಕಿಂತ ಘೋರವಾದ ಕೆಲಸ: ಅಂಗಡಿ ಮುಂದೆ ಕುರ್ಚಿ ಹಾಕಿಕೊಂಡು, ಅರ್ಧ ತೋಳಿನ ಅಂಗಿಯಲ್ಲಿ, ಐಸ್‌ಕ್ರೀಮ್ ನೆಕ್ಕುತ್ತ ಕೂರುವುದು. ಒಂದು ಸಲ ತಾಲೀಮು ಮಾಡಿಸಿದರು. ತುಟಿ, ನಾಲಿಗೆ ಎರಡೂ ಐಸ್‌ಕ್ರೀಮಿಗೆ ಅಂಟಿಕೊಂಡು, ಬಿಡಿಸಲು ಬಿಸಿನೀರು ತರಬೇಕಾಯಿತು.

“ನಿನ್ನ ನಾಲಿಗೆ ಮಾಡಿದ್ದಕ್ಕೆ ನನ್ನ ನಾಲಿಗೆ ಅನುಭವಿಸ್ತಿದೆ,” ಎಂದ ಸ್ಟಾಶ್.

ಆರ್ವಿಡ್ ನಕ್ಕ. ಮನೆಗೆ ಬಂದು ಲೆಂಪಿಗೂ ಹೇಳಿದ. ಅವಳು ನಗಲಿಲ್ಲ. ಆ ದಿನ ಉಸಿರು ಬಹಳ ಮೇಲೆ ಬಂದಿತ್ತು.

“ಆರ್ವಿಡ್, ಒಂದು ಮಾತು ಕೊಡು,” ಎಂದಳು. “ನಾನು ಸತ್ರೆ, ನೆಲ ಕರಗೋವರೆಗೆ ಹೆಣ ಇಡ್ತಾರಲ್ಲ, ಆ ಚಳಿಗಾಲದ ಕೋಣೇಲಿ ಇಡಬೇಡ. ಹಂಡೆ ಬರೋಕೆ ಮುಂಚೆ ನಮ್ಮಮ್ಮನ್ನ ಇಟ್ರು ನೋಡು, ಡಿಸೆಂಬರಿಂದ ಮೇವರೆಗೆ, ಹುಲ್ಲು ಕತ್ತರಿಸೋ ಯಂತ್ರದ ಪಕ್ಕ, ಅಟ್ಟಣಿಗೆ ಮೇಲೆ, ಮಾರಾಟಕ್ಕಿಟ್ಟ ಸಾಮಾನಿನ ಥರ. ಐದು ತಿಂಗಳು ನನಗೆ ಅನ್ನ ಇಳೀಲಿಲ್ಲ. ನನ್ನನ್ನ ನೇರ ಮಣ್ಣಿಗೆ ಹಾಕು. ಅಮ್ಮನ ಪಕ್ಕ.”

“ನಾನಿದೀನಲ್ಲೇ! ಊರಿಗೆಲ್ಲ ತೋಡೋನು, ನಿನಗೆ ತೋಡಲ್ವಾ? ಈಗ ಯಾಕೆ ಆ ಮಾತು?”

ಮಾತು ಕೊಟ್ಟ. ಆಮೇಲಿನ ಭಾನುವಾರ ಬೆಳಿಗ್ಗೆ, ಸಮಿತಿ ಬರಲು ನಾಲ್ಕು ದಿನವಿರುವಾಗ, ಕಾಫಿ ಲೋಟ ಹಿಡಿದ ಹಾಗೆಯೇ ಲೆಂಪಿ ಹೋಗಿಬಿಟ್ಟಳು. ಆರ್ವಿಡ್ ಲೋಟ ಬಿಡಿಸಿಕೊಂಡು, ತೊಳೆದು, ಒರೆಸಿ, ಅದರ ಜಾಗದಲ್ಲಿಟ್ಟು, ಆಮೇಲೆ ನೆಲದ ಮೇಲೆ ಕೂತು ಅತ್ತ.

ಹೆಣ ಸಿಂಗರಿಸಿ ಸಾಗಿಸುವ ಶುಲ್ಟೆ ಮಧ್ಯಾಹ್ನ ಬಂದು, ಟೋಪಿ ತೆಗೆದು, ಹೇಳಬೇಕಾದ್ದನ್ನೆಲ್ಲ ಹೇಳಿ, ಕೊನೆಗೆ ಕೆಮ್ಮಿದ.

“ನೀಮಿ, ನನ್ನ ಹತ್ರ ಜಾಗ ಇರೋದು ಇಬ್ಬರಿಗೆ. ಆಗಲೇ ಮೂರು ಜನ ಇದಾರೆ. ಹಳೇ ಪೋಸ್ಟ್‌ಮಾಸ್ಟರ್ರು ನನ್ನ ಗ್ಯಾರೇಜಲ್ಲಿದಾರೆ. ಅಲ್ಲಿ ಚಳಿ ಚೆನ್ನಾಗಿದೆ, ಅವರಿಗೇನೂ ತೊಂದರೆ ಇಲ್ಲ, ಕಾರು ತೆಗೆಯೋಕೆ ಮಾತ್ರ ನನಗೆ ಕಷ್ಟ.”

“ಚಳಿಗಾಲದ ಕೋಣೆ ತೆಗೆದಿಲ್ವಾ ಈ ವರ್ಷ?”

“ನೆಲ ಹೆಪ್ಪುಗಟ್ಟಿದೆ ಅಂತ ಮೇಯರ್ ಸಹಿ ಹಾಕಿದ್ರೆ ತಾನೇ ತೆಗೆಯೋದು? ಹಾಕ್ತಿಲ್ಲ.”

ಸೋಮವಾರ ಬಸ್ಸಿಳಿದು ಲೆಂಪಿಯ ಅಕ್ಕ ಐಲಿ ಬಂದಳು. ದಕ್ಷಿಣದಲ್ಲಿ, ಮೂರು ರಾಜ್ಯ ದಾಟಿ, ನೆಲ ನಿಜವಾಗಿ ಮೆತ್ತಗಿರುವ ಕಡೆ ಅವಳ ಮನೆ. ತಂಗಿಯ ಗಂಡನನ್ನು ಮೇಲಿಂದ ಕೆಳಗೆ ನೋಡಿದಳು.

“ಯಾವತ್ತು ಮಣ್ಣು?”

“ಅದೇ ಐಲಿ, ಒಂಚೂರು ತಡ...”

“ನನ್ನ ಬಸ್ಸು ಶನಿವಾರ ಸಂಜೆ. ಅಷ್ಟರೊಳಗೆ ಅವಳು ಮಣ್ಣಲ್ಲಿರ್ಬೇಕು. ಇಲ್ಲ ಅಂದ್ರೆ ನಾನೇ ಅವಳನ್ನ ನಮ್ಮೂರಿಗೆ ಕರ್ಕೊಂಡು ಹೋಗಿ ಅಲ್ಲಿ ಹಾಕ್ತೀನಿ. ಗ್ಯಾರೇಜಲ್ಲಿಡೋಕೆ ನನ್ನ ತಂಗಿ ಏನು ಸೈಕಲ್ಲಾ?”

ಆರ್ವಿಡ್ ನಗರಸಭೆಗೆ ಓಡಿದ. ಮೇಯರ್ ತಾಳೆಮರದ ಚಿತ್ರವಿದ್ದ ಅಂಗಿಯನ್ನು ಹಾಕಿ ನೋಡುತ್ತಿದ್ದರು.

“ಸಾಹೇಬ್ರೇ, ನನ್ನ ಹಂಡೆ ಬೇಕಿತ್ತು.”

“ಯಾಕೆ?”

“ಲೆಂಪಿಗೆ.”

ಮೇಯರ್ ನಿಜವಾಗಿಯೂ ನೊಂದುಕೊಂಡರು. ಅವರು ಕೆಟ್ಟವರಲ್ಲ. “ಅಯ್ಯೋ, ಒಳ್ಳೇ ಹೆಂಗಸು. ಹೂ ಕಳಿಸ್ತೀನಿ ನೀಮಿ, ದೊಡ್ಡದೇ ಕಳಿಸ್ತೀನಿ.”

“ಹೂ ಬೇಡ, ಹಂಡೆ ಕೊಡಿ.”

“ಹಂಡೆ ಹೆಂಗಯ್ಯಾ ಕೊಡ್ಲಿ? ಇಪ್ಪತ್ತು ಗಜದ ಗೆರೆ ಹತ್ರ ಇನ್ನೂ ಕಲ್ಲು ಥರ ಇದೆ. ಗುರುವಾರ ಆಗ್ಲಿ, ಹದಿಮೂರೂ ತಗೊಂಡು ಹೋಗು.”

“ಒಂದು ಗುಂಡಿಗೆ ಮೂರು ದಿನ ಉರೀಬೇಕು ಸಾಹೇಬ್ರೇ. ಶನಿವಾರಕ್ಕೆ ಆಗಲ್ಲ. ನೆಲ ಹೆಪ್ಪುಗಟ್ಟಿದೆ.”

ಮೇಯರ್ ಎದ್ದು ಬಾಗಿಲು ಮುಚ್ಚಿ ಬಂದರು. “ಮೆತ್ತಗೆ ಮಾತಾಡು! ಹೆಪ್ಪುಗಟ್ಟಿದೆ ಅಂತ ಯಾರು ಹೇಳಿದ್ದು? ಹೆಪ್ಪುಗಟ್ಟಲ್ಲ ಅಂತ ಪರಿಣತರೇ ಹೇಳಿದಾರೆ.”

“ಯಾವ ಪರಿಣತರು?”

“ನೀನೇ ಕಣಯ್ಯಾ!”

ಆರ್ವಿಡ್ ಬಾಗಿಲು ತೆಗೆದು ಹೊರಬಂದ. ತಾನು ತೋಡಿದ ಗುಂಡಿಗೆ ತಾನೇ ಬೀಳುವವರನ್ನು ಲೋಕ ಕಂಡಿದೆ. ಬಾಯಿಂದ ಆಡಿದ್ದಕ್ಕೆ ಗುಂಡಿಯನ್ನೇ ತೋಡಲಾಗದೆ ನಿಂತವನು ಇವನೊಬ್ಬನೇ ಇರಬೇಕು.

ಗುದ್ದಲಿ, ಪಿಕಾಸಿ ಹಿಡಿದು ಗುಡ್ಡದ ಮೇಲಿನ ಸ್ಮಶಾನಕ್ಕೆ ಹೋದ. ಹಿಮ ಸರಿಸಿ, ಅತ್ತೆಯ ಕಲ್ಲಿನ ಪಕ್ಕ ಅಳತೆ ಹಾಕಿ, ಪಿಕಾಸಿ ಎತ್ತಿ ಬೀಸಿದ. ಪಿಕಾಸಿ ಠಣ್ ಎಂದು ಹಾರಿ ಅವನ ಮೊಣಕಾಲಿಗೇ ಬಡಿಯಿತು. ಮತ್ತೆ ಬೀಸಿದ. ಎರಡು ಗಂಟೆ ಬೀಸಿದಾಗ ಒಂದು ಸೂಪಿನ ಬಟ್ಟಲಿನಷ್ಟು ಹಳ್ಳವಾಗಿತ್ತು. ಹಿಡಿ ಮುರಿಯಿತು. ಆರ್ವಿಡ್ ಆ ಬಟ್ಟಲಿನ ಪಕ್ಕ ಮಂಡಿಯೂರಿ, “ಲೆಂಪಿ, ನಾನು ಕತ್ತೆ ಕಣೇ, ಕತ್ತೆ,” ಎಂದು ಹೇಳಿದ.

ಹಿಂದೆ ಹಿಮ ತುಳಿಯುವ ಸದ್ದಾಯಿತು. ಐಲಿ ನಿಂತಿದ್ದಳು.

“ಅದು ಗೊತ್ತಿರೋ ವಿಷಯ,” ಎಂದಳು. “ಹಂಡೆ ಬರೋಕೆ ಮುಂಚೆ ಈ ಊರಲ್ಲಿ ಯಾರೂ ಸಾಯ್ತಿರ್ಲಿಲ್ವಾ? ನಮ್ಮಜ್ಜನಿಗೆ ಹೆಂಗೆ ತೋಡಿದ್ರು? ಸೌದೆ ಹಾಕಿ ಬೆಂಕಿ ಹಚ್ಚೋ!”

ಸ್ನಾನದ ಮನೆಗೆಂದು ಆರ್ವಿಡ್ ಒಟ್ಟಿದ್ದ ಬರ್ಚ್ ಸೌದೆಯೆಲ್ಲ ಮಂಗಳವಾರ ಬೆಳಿಗ್ಗೆ ಗುಡ್ಡ ಹತ್ತಿತು. ಆರಡಿ ಉದ್ದ, ಮೂರಡಿ ಅಗಲಕ್ಕೆ ಬೆಂಕಿ ಹಾಕಿ ಮೇಲೆ ತಗಡು ಮುಚ್ಚಿದರು. ಸಂಜೆಗೆ ಸೌದೆ ಮುಗಿಯಿತು. ಸ್ಟಾಶ್ ತನ್ನ ಗಾಡಿಯಲ್ಲಿ ಒಂದು ಹೊರೆ ತಂದು ಸುರಿದ.

“ಊರಿಗೆ ಉಪಕಾರ ಮಾಡಬೇಡ, ಹೆಣಕ್ಕೆ ಶೃಂಗಾರ ಮಾಡಬೇಡ ಅಂತಾರೆ,” ಎಂದ. “ನನ್ನನ್ನ ಐಸ್‌ಕ್ರೀಮ್ ನೆಕ್ಕಿಸಿ ಊರಿಗೆ ಉಪಕಾರ ಮಾಡಿಸ್ತಿದಾರೆ. ಇರ್ಲಿ, ಲೆಂಪಿ ನನ್ನ ಹೆಂಡತಿ ಬಾಣಂತನ ಮಾಡಿದೋಳು.”

ಫೆಬ್ರವರಿಯಲ್ಲಿ ಸೌದೆ ಕೊಡುವುದೆಂದರೆ ನಮ್ಮಲ್ಲಿ ರಕ್ತ ಕೊಟ್ಟ ಹಾಗೆ. ಆದರೂ ಬುಧವಾರ ಇನ್ನೂ ನಾಲ್ಕು ಮನೆಯವರು, ಮೇಯರಿಗೆ ಕಾಣದಂತೆ ಹಿಂದಿನ ದಾರಿಯಲ್ಲಿ, ತಂದು ಹಾಕಿ ಹೋದರು. ಬೆಂಕಿ ನಿಲ್ಲಲಿಲ್ಲ.

ಗುರುವಾರ ಸಮಿತಿ ಬಂತು. ಅಧ್ಯಕ್ಷೆ ಮಿಸೆಸ್ ಬೋಫರ್ಟ್, ದಕ್ಷಿಣದ ಗಟ್ಟಿ ಹೆಂಗಸು. ಜೊತೆಗೆ ಹಲ್ಲು ಕಟಕಟಿಸುವ ಇಬ್ಬರು ಗಂಡಸರು. ಊರು ಅದ್ಭುತವಾಗಿ ನಟಿಸಿತು. ಬೀದಿಯಲ್ಲಿ ಜನ ಅಂಗಿತೋಳು ಮಡಚಿ, ನೀಲಿ ಮುಖದಲ್ಲಿ ನಗುತ್ತ ಕೈಬೀಸಿದರು. ಸ್ಟಾಶ್ ಐಸ್‌ಕ್ರೀಮಿಗೆ ತುಟಿ ತಾಕಿಸದೆ ನಾಲಿಗೆಯನ್ನು ಗಾಳಿಯಲ್ಲೇ ಆಡಿಸಿದ. ಕ್ರೀಡಾಂಗಣದಲ್ಲಿ ಮಿಸೆಸ್ ಬೋಫರ್ಟ್ ಬೂಟಿನ ಹಿಮ್ಮಡಿಯಿಂದ ನೆಲವನ್ನು ಒತ್ತಿದರು. ಹಿಮ್ಮಡಿ ಮೂರಂಗುಲ ಇಳಿಯಿತು. ಅವರ ಹುಬ್ಬು ಅಷ್ಟೇ ಏರಿತು. ಮೇಯರ್ ಟ್ರೆವಾರೊ ತಾಳೆಮರದ ಅಂಗಿಯಲ್ಲಿ ಬೆವರಿದರು. ಹದಿನೆಂಟು ಕೆಳಗಿನ ಚಳಿಯಲ್ಲಿ ಅದನ್ನು ಸಾಧಿಸಿದ ಮನುಷ್ಯ ಅವರೊಬ್ಬರೇ.

“ಆ ಗುಡ್ಡದ ಮೇಲೆ ಹೊಗೆ ಏನು?” ಎಂದು ಕೇಳಿದರು ಮಿಸೆಸ್ ಬೋಫರ್ಟ್.

“ಅದಾ? ಅದು... ಹೊರಗಡೆ ಊಟ ಮೇಡಂ. ಮಾಂಸ ಸುಡೋದು. ಹವೆ ಚೆನ್ನಾಗಿದೆಯಲ್ಲ, ಜನ ಮನೇಲಿ ನಿಲ್ಲಲ್ಲ.”

“ಒಳ್ಳೇದಾಯ್ತು, ನನಗೂ ಹಸಿವು. ನಡೀರಿ.”

ತಡೆಯಲು ಮೇಯರ್ ಏನೇನೋ ಹೇಳಿದರು, ಕಾರು ಗುಡ್ಡ ಹತ್ತಿಯೇಬಿಟ್ಟಿತು. ಮೇಲೆ ಬೆಂಕಿಯ ಪಕ್ಕ ಆರ್ವಿಡ್ ನಿಂತಿದ್ದ, ಮದುವೆಗೆ ಹೊಲಿಸಿದ ಕರಿ ಸೂಟಿನಲ್ಲಿ, ಮುಖಕ್ಕೆಲ್ಲ ಮಸಿ. ಐಲಿ ಕೋಲಿನಿಂದ ಕೆಂಡ ಕೆದಕುತ್ತಿದ್ದಳು. ಮೇಯರ್ ಸಮಿತಿಯ ಬೆನ್ನ ಹಿಂದೆ ನಿಂತು ಆರ್ವಿಡ್‌ಗೆ ಕಣ್ಣು ಮಿಟುಕಿಸಿದರು, ಕೈ ಮುಗಿದರು, ಮತ್ತೆ ಕಣ್ಣು ಮಿಟುಕಿಸಿದರು.

“ಏನು ಬೇಯ್ತಿದೆ?” ಎಂದರು ಮಿಸೆಸ್ ಬೋಫರ್ಟ್, ಕೈ ಕಾಯಿಸಿಕೊಳ್ಳುತ್ತ.

“ಹಂದಿ!” ಎಂದರು ಮೇಯರ್. “ಇಡೀ ಹಂದಿ, ನೆಲದಲ್ಲಿ ಹೂತು!”

“ಅರೆ, ನಮ್ಮ ಕಡೆನೂ ಹಂಗೇ ಮಾಡ್ತೀವಿ! ಕೆಳಗಡೆ ಇದೆಯಾ ಈಗ?”

ಎಲ್ಲರೂ ಆರ್ವಿಡ್‌ನನ್ನು ನೋಡಿದರು. ಗುಡ್ಡದ ಕೆಳಗೆ ಊರು ಕಾಣುತ್ತಿತ್ತು. ಟೋಪಿಯಿಲ್ಲದೆ ಬೀದಿಯಲ್ಲಿ ನಿಂತ ಜನ ಕಾಣುತ್ತಿದ್ದರು. ಹೌದು ಎಂದರೆ ಪಂದ್ಯ ಬರುತ್ತದೆ, ಹೋಟೆಲು ತುಂಬುತ್ತದೆ, ಮುಚ್ಚಿದ ಅಂಗಡಿಗಳ ಬಾಗಿಲು ತೆಗೆಯುತ್ತದೆ. ಒಂದು ‘ಹೌದು’, ಅಷ್ಟೇ. ಇದಕ್ಕಿಂತ ದೊಡ್ಡದನ್ನು ಅವನು ರೇಡಿಯೊದಲ್ಲೇ ಹೇಳಿದ್ದ.

“ಈಗ ಏನಿಲ್ಲಮ್ಮ,” ಎಂದ ಆರ್ವಿಡ್. “ಶನಿವಾರ ನನ್ನ ಹೆಂಡತಿ.”

ಮಿಸೆಸ್ ಬೋಫರ್ಟ್ ಕಾಯಿಸುತ್ತಿದ್ದ ಕೈಯನ್ನು ಸರ್ರನೆ ಹಿಂದೆಗೆದರು. ಗಂಡಸರಿಬ್ಬರೂ ಕಾರಿನ ಕಡೆ ನಡೆದೇಬಿಟ್ಟರು.

“ಹಂದಿ ಅಂತೆ, ಹಂದಿ!” ಐಲಿ ಕೋಲೆತ್ತಿಕೊಂಡು ಮೇಯರ್ ಕಡೆ ಹೊರಟಳು. “ನನ್ನ ತಂಗಿ ಕಣಯ್ಯಾ ಅವಳು! ಗುಂಡಿಗೆ ಜಾಗ ಕಾಯಿಸ್ತಿದೀವಿ!”

“ನೆಲ ಎಷ್ಟು ಆಳ ಹೆಪ್ಪುಗಟ್ಟಿದೆ?” ಎಂದು ಕೇಳಿದರು ಮಿಸೆಸ್ ಬೋಫರ್ಟ್, ಬಹಳ ಮೆತ್ತಗೆ.

“ನಾಲ್ಕಡಿ. ಪ್ರತಿ ವರ್ಷ. ರೇಡಿಯೊದಲ್ಲಿ ನಾನು ಹೇಳಿದ್ದು ಜಂಭಕ್ಕೆ.”

“ನೆಲ ವಿಭಾಗದ ಮುಖ್ಯಸ್ಥರು ನೀವೇನಾ?”

“ಗುಂಡಿ ತೋಡೋನು,” ಎಂದ ಆರ್ವಿಡ್.

ಅವರು ಹಿಂದೆ ಸರಿಯಲಿಲ್ಲ. ಕೈಗವಸು ತೆಗೆದು ಅವನ ಮಸಿಗೈ ಹಿಡಿದು, ದುಃಖದಲ್ಲಿ ಪಾಲುಗೊಳ್ಳುವ ಮಾತು ಹೇಳಿ, ಹೋಗಿ ಕಾರಿನಲ್ಲಿ ಕೂತರು.

ಶುಕ್ರವಾರ ಮಧ್ಯಾಹ್ನ ತಂತಿ ಬಂತು. ಪಂದ್ಯ ತಾಳೆಮರದ ಊರಿಗೇ. ‘ಚಳಿಗೆ ಕೋಟು ಹಾಕಿಕೊಳ್ಳಬಹುದಿತ್ತು,’ ಎಂದು ಬರೆದಿದ್ದರು, ‘ಆದರೆ ನಿಮ್ಮ ಊರಿನ ಯಾವ ಮಾತನ್ನು ನಂಬುವುದೆಂದು ನಮಗೆ ತಿಳಿಯಲಿಲ್ಲ.’ ಮೇಯರ್ ಅದನ್ನು ನಗರಸಭೆಯ ಮೆಟ್ಟಿಲ ಮೇಲೆ ನಿಂತು ಓದಿದರು. ಆಮೇಲೆ ಅದೇ ಮೆಟ್ಟಿಲ ಮೇಲೆ, ನೆಲ ಹೆಪ್ಪುಗಟ್ಟಿದೆ ಎಂಬ ಕಾಗದಕ್ಕೆ ಸಹಿ ಹಾಕಿದರು. ಪೋಸ್ಟ್‌ಮಾಸ್ಟರರು ಗ್ಯಾರೇಜಿನಿಂದ ಹೊರಬಂದರು.

ಅಂದು ಸಂಜೆಯೊಳಗೆ ಆರ್ವಿಡ್‌ನ ಹೆಸರು ಊರಿನಲ್ಲಿ ಬೈಗುಳವಾಗಿಹೋಯಿತು. ಬ್ರೆಡ್ಡಿನಂಗಡಿಯವಳು ಅವನ ಮುಖಕ್ಕೇ ಬಾಗಿಲು ಹಾಕಿದಳು. ಮೂರು ವಾರ ಪಾಡುಪಟ್ಟದ್ದಕ್ಕೆ ಜನರಿಗೆ ಯಾರನ್ನಾದರೂ ಹಿಡಿದು ಬಡಿಯಬೇಕಿತ್ತು. ಅವನು ಅದಾವುದನ್ನೂ ಲೆಕ್ಕಕ್ಕಿಡಲಿಲ್ಲ. ಕೆಂಡ ಸರಿಸಿ, ರಾತ್ರಿಯಾಗುವವರೆಗೂ ಒಬ್ಬನೇ ತೋಡಿದ. ಐದಡಿಯವರೆಗೂ ಗುದ್ದಲಿ ಇಳಿಯಿತು.

ಶನಿವಾರ ಬೆಳಿಗ್ಗೆ ಶವಪೆಟ್ಟಿಗೆ ಹೊರಲು ಆರು ಜನ ಬೇಕು. ಇದ್ದವರು ಆರ್ವಿಡ್, ಸ್ಟಾಶ್, ಶುಲ್ಟೆ, ಪಾದ್ರಿ. ಐಲಿ ತಾನೂ ಹೊರುತ್ತೇನೆಂದು ಸೆರಗಿಲ್ಲದ ಕೋಟನ್ನೇ ಬಿಗಿದು ಕಟ್ಟಿಕೊಂಡಳು. ಆಗ ಗುಡ್ಡದ ದಾರಿಯಲ್ಲಿ ಜನ ಬರುವುದು ಕಂಡಿತು. ಟೋಪಿ, ಮಫ್ಲರ್, ಮೂರು ಮೂರು ಕೋಟು, ಗುರುವಾರ ಬಚ್ಚಿಟ್ಟದ್ದನ್ನೆಲ್ಲ ಹೇರಿಕೊಂಡು ಇಡೀ ಬೀದಿಯೇ ಬಂತು. ಮುಂದೆ ಮೇಯರ್ ಟ್ರೆವಾರೊ. ಪೆಟ್ಟಿಗೆಯ ಒಂದು ಹಿಡಿಕೆ ಹಿಡಿದರು.

“ಇದು ಲೆಂಪಿಗೋಸ್ಕರ,” ಎಂದರು. “ನಿನ್ನ ಜೊತೆ ನನಗೆ ಮಾತಿಲ್ಲ.”

“ಹೂಂ ಸಾಹೇಬ್ರೇ,” ಎಂದ ಆರ್ವಿಡ್.

ಇಳಿಸಿದರು. ಪಾದ್ರಿ ಓದಿದರು. ಒಬ್ಬೊಬ್ಬರೇ ಬಂದು, ಕೈಗವಸು ಕಳಚಿ, ರಾಶಿಯಿಂದ ಒಂದು ಹಿಡಿ ಮಣ್ಣೆತ್ತಿಕೊಂಡರು. ಎತ್ತಿಕೊಂಡವರು ಹಾಕಲಿಲ್ಲ, ಹಾಗೆಯೇ ನಿಂತರು. ಮೂರು ದಿನ ಬೆಂಕಿ ಕುಡಿದ ಮಣ್ಣು. ಆ ಚಳಿಯಲ್ಲಿ ಇನ್ನೂ ಬಿಸಿಯಿತ್ತು. ಬ್ರೆಡ್ಡಿನಂಗಡಿಯವಳು ಅದನ್ನು ಎರಡೂ ಅಂಗೈ ನಡುವೆ ಒತ್ತಿ ಹಿಡಿದಿದ್ದಳು. ಮೇಯರ್ ಮುಷ್ಟಿಯನ್ನು ಎದೆಗೆ ಒತ್ತಿಕೊಂಡಿದ್ದರು. ಕೈಬಿಡಲು ಯಾರಿಗೂ ಮನಸ್ಸು ಬರಲಿಲ್ಲ.

“ಹಾಕ್ರಪ್ಪಾ,” ಎಂದಳು ಐಲಿ. “ಅದು ಅವಳದ್ದು.”

ಹಾಕಿದರು. ಕೊನೆಗೆ ಉಳಿದವನು ಆರ್ವಿಡ್. ಇಪ್ಪತ್ತೆರಡು ವರ್ಷ ಸಲಿಕೆಯಿಂದಲೇ ಎಳೆದು ಹಾಕಿದವನು, ಬರಿಗೈಯಲ್ಲಿ ಒಮ್ಮೆಯೂ ಮುಟ್ಟಿದವನಲ್ಲ. ಬಗ್ಗಿ, ಒಂದು ಹಿಡಿ ತುಂಬಿಕೊಂಡು, ಬಹಳ ಹೊತ್ತು ಹಿಡಿದುಕೊಂಡ.

“ಬೆಚ್ಚಗಿದೆ ಕಣೇ,” ಎಂದು ಕೆಳಗೆ ನೋಡಿ ಹೇಳಿ, ಬೆರಳು ಬಿಡಿಸಿದ.